ಚಿನ್ನದ ಹಣ, ಕಾಗದದ ಮಾತು

(ಮೈಸೂರಿನಲ್ಲಿ ಉಪಾಧ್ಯಾಯರೂ ನಾಗರಿಕರೂ ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಭಾಷಣ)



ನಾಣ್ಯಶಾಸ್ತ್ರದಲ್ಲಿಯಾಗಲಿ ಅರ್ಥಶಾಸ್ತ್ರದಲ್ಲಿಯಾಗಲಿ ನಾವು ಪಂಡಿತರಲ್ಲ. ವಕೀಲಿ ವೃತ್ತಿಯಲ್ಲಿದ್ದುಕೊಂಡು, ಸಾಲಪತ್ರ, ಭೋಗ್ಯಪತ್ರ, ಕರಾರುಗಳ ನಡುವೆ ಕಾಲ ಕಳೆಯುವವರು. ಕಾಗದದ ಮೇಲೆ ಬರೆದ ಮಾತಿಗೆ ಬೆಲೆ ಎಲ್ಲಿಂದ ಬರುತ್ತದೆ, ಹೇಗೆ ಹೋಗುತ್ತದೆ ಎಂಬ ಒಂದು ವಿಷಯದಲ್ಲಿ ಮಾತ್ರ ನಮಗೆ ಯತ್ಕಿಂಚಿತ್ ಅನುಭವವುಂಟು. ಆ ಅನುಭವದ ಬಲದಿಂದಲೇ ಈ ಹೊತ್ತು ಹಣವನ್ನು ಕುರಿತು ನಾಲ್ಕು ಮಾತುಗಳನ್ನು ತಮ್ಮ ಮುಂದೆ ಇಡಲು ನಿಂತಿದ್ದೇವೆ.

ಈ ವಿಷಯವನ್ನು ಮಾತನಾಡಲು ಮೈಸೂರಿಗಿಂತ ತಕ್ಕ ಊರು ಬೇರೊಂದು ದೊರೆಯಲಾರದು. ಕಂಠೀರವ ನರಸರಾಜ ಒಡೆಯರು (1638–1659) ಶ್ರೀರಂಗಪಟ್ಟಣದಲ್ಲಿ ಆಳುತ್ತಿದ್ದಾಗ ಹೊಡೆಯಿಸಿದ ಕಂಠೀರಾಯಿ ಹಣವು ಒಂದು ಬೇಳೆಕಾಳಿನಷ್ಟು ಪುಟ್ಟದು. ಅಂಗೈಯಲ್ಲಿಟ್ಟರೆ ಜಾರಿಹೋದೀತೆಂದು ಭಯ. ಆದರೂ ಅದು ಅಪ್ಪಟ ಚಿನ್ನದ ನಾಣ್ಯ. ಅದೇ ಮೈಸೂರಿನಲ್ಲಿ 1996ರಿಂದ ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯು ನೋಟುಗಳನ್ನು ಅಚ್ಚು ಹಾಕುತ್ತಿದೆ. ನೋಟಿನ ಕಾಗದವನ್ನು ತಯಾರಿಸುವ ಗಿರಣಿಯೂ ಈಗ ಇಲ್ಲಿಯೇ ಇದೆ. ವರ್ಷಕ್ಕೆ 12,000 ಟನ್ನು ಕಾಗದವನ್ನು ಮಾಡುವ ಸಾಮರ್ಥ್ಯ ಅದಕ್ಕುಂಟು. 2022ರಲ್ಲಿ ನೋಟಿನ ಮಸಿಯ ಕಾರ್ಖಾನೆಯೂ ಇಲ್ಲಿಯೇ ಲೋಕಾರ್ಪಣವಾಯಿತು. ಒಂದು ಕಾಲಕ್ಕೆ ಚಿನ್ನದ ಹಣ ಹುಟ್ಟಿದ ಸೀಮೆಯಲ್ಲಿಯೇ ಇಂದು ಕಾಗದದ ಹಣ ಹುಟ್ಟುತ್ತಿದೆ. ಇವೆರಡರಲ್ಲಿ ನಿಜವಾದ ಹಣ ಯಾವುದು? ಒಂದನ್ನು ಬಿಟ್ಟು ಇನ್ನೊಂದಕ್ಕೆ ಬಂದುದರಿಂದ ಪ್ರಜೆಗಳಾದ ನಮಗೆ ಆದ ಲಾಭವೇನು, ನಷ್ಟವೇನು? ಇದೇ ಇಂದಿನ ವಿಚಾರ.

ಮೊದಲು ನಮ್ಮ ಹಳ್ಳಿಗಳ ಕಡೆಗೆ ತಿರುಗೋಣ. ಹಿಂದೆ ಕಮ್ಮಾರ, ಬಡಗಿ, ಕುಂಬಾರ, ಅಗಸ, ತಳವಾರ ಮೊದಲಾದ ಆಯಗಾರರಿಗೆ ಸುಗ್ಗಿಯ ಕಾಲದಲ್ಲಿ ಕಣದಲ್ಲಿಯೇ ದವಸವನ್ನು ಅಳೆದು ಕೊಡುತ್ತಿದ್ದರು. ಖಂಡುಗ, ಕೊಳಗ, ಬಳ್ಳಗಳೇ ಅಲ್ಲಿಯ ನಾಣ್ಯ. ರಾಗಿಯ ಬೆಲೆ ಏರಲಿ ಇಳಿಯಲಿ, ಆಯಗಾರನ ಹೊಟ್ಟೆಗೆ ಅದರಿಂದ ಭಂಗವಿಲ್ಲ. ಯಾವ ಅರಸನು ಬಿದ್ದರೂ ಯಾವ ಅರಸನು ಎದ್ದರೂ ಕೊಳಗದ ರಾಗಿ ರಾಗಿಯೇ. ವಸ್ತುವೇ ಹಣವಾಗುವುದರಲ್ಲಿರುವ ಗುಣವಿದು: ಅದನ್ನು ನಂಬುವುದಕ್ಕೆ ಯಾರ ಮಾತೂ ಬೇಕಿಲ್ಲ. ದೋಷವೂ ಅಷ್ಟೇ ಸ್ಪಷ್ಟವಾಗಿದೆ. ದವಸಕ್ಕೆ ಹುಳು ಹಿಡಿಯುತ್ತದೆ. ಹೊತ್ತುಕೊಂಡು ಹತ್ತು ಹರದಾರಿ ಹೋಗಲಾಗದು. ಬರಗಾಲದಲ್ಲಿ ದವಸವೂ ಇಲ್ಲ, ಹಣವೂ ಇಲ್ಲ. ಚಿಲ್ಲರೆಗೆ ಸಮುದ್ರದಿಂದ ಬಂದ ಕವಡೆ ಹಿಂದೂಸ್ಥಾನದ ಹಲವು ಸೀಮೆಗಳಲ್ಲಿ ಶತಮಾನಗಳ ಕಾಲ ನಡೆಯಿತು. ‘ಕವಡೆ ಕಾಸಿನ ಬೆಲೆಯಿಲ್ಲ’ ಎಂದು ನಾವು ಇಂದಿಗೂ ಆಡುವ ಮಾತಿನಲ್ಲಿ ಆ ಕಾಲದ ನೆನಪು ಉಳಿದುಕೊಂಡಿದೆ.

ಲೋಹಕ್ಕೆ ಹುಳು ಹಿಡಿಯದು; ಭಾಗ ಮಾಡಿದರೂ ಕೆಡದು. ಆದುದರಿಂದ ಲೋಕವೆಲ್ಲ ಲೋಹವನ್ನು ಹಿಡಿಯಿತು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಶಾತವಾಹನರ ಕಾಲದ ಸೀಸದ ನಾಣ್ಯಗಳೊಡನೆ ರೋಮ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯವೂ ದೊರೆತಿದೆ. ಸೀಸದ ನಾಣ್ಯವು ಊರ ಸಂತೆಗೆ. ಬೆಳ್ಳಿಯ ನಾಣ್ಯವು ಸಮುದ್ರದಾಚೆಯ ವ್ಯಾಪಾರಕ್ಕೆ. ಸೀಸಕ್ಕೆ ತಾನಾಗಿ ಎಷ್ಟು ಬೆಲೆ? ಅಂದರೆ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ನಮ್ಮ ನಾಡಿನಲ್ಲಿ ಲೋಹದ ಬೆಲೆಯೊಡನೆ ಆಳುವವರ ಮುದ್ರೆಯ ಬೆಲೆಯೂ ಸೇರಿಕೊಂಡು ನಡೆಯುತ್ತಿದ್ದಿತು.

ಅನಂತರ ಬಂದ ಗದ್ಯಾಣ, ಪಣ, ಹಾಗ, ಬೇಳೆಗಳ ಹೆಸರುಗಳು ನಮ್ಮ ಶಾಸನಗಳ ತುಂಬ ಇವೆ. ಲಕ್ಕುಂಡಿ, ಅಂದರೆ ಅಂದಿನ ಲೊಕ್ಕಿಗುಂಡಿಯ ಹೆಸರಿನಿಂದಲೇ ‘ಲೊಕ್ಕಿ ಗದ್ಯಾಣ’ವೆಂಬ ಮಾತು ನಡೆದುಬಂದಿತು. ಟಂಕಸಾಲೆಗೆ ಕನ್ನಡದಲ್ಲಿ ‘ಕಮ್ಮಟ’ವೆಂದು ಹೆಸರು, 12ನೆಯ ಶತಮಾನದ ವಚನಗಳಲ್ಲಿ ಅದು ಉಪಮೆಯಾಗಿ ಬರುವಷ್ಟು ಜನಕ್ಕೆ ಪರಿಚಿತವಾಗಿದ್ದಿತು. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಝಾಕನು ಅಲ್ಲಿಯ ಚಿನ್ನದ ವರಹ, ಅದರ ಅರ್ಧದ ಪ್ರತಾಪ, ಪ್ರತಾಪದ ಹತ್ತನೆಯ ಒಂದು ಭಾಗದ ಹಣ, ಬೆಳ್ಳಿಯ ತಾರ, ತಾಮ್ರದ ಜೀತಲ್ — ಇವುಗಳ ಲೆಕ್ಕವನ್ನು ಒಂದೊಂದಾಗಿ ಬರೆದಿಟ್ಟಿದ್ದಾನೆ. ಪಣವೆಂಬುದು ‘ಹಣ’ವಾಯಿತು, ಒಂದು ಪುಟ್ಟ ಚಿನ್ನದ ನಾಣ್ಯದ ಹೆಸರು ಸಕಲ ದ್ರವ್ಯಕ್ಕೂ ಹೆಸರಾಯಿತು. ಇಂದು ಕಾಗದವನ್ನು ಎಣಿಸುವಾಗಲೂ ಕನ್ನಡಿಗನು ತಿಳಿಯದೆ ಚಿನ್ನದ ಹೆಸರನ್ನೇ ಹೇಳುತ್ತಾನೆ.

ಈಗ ಕಂಠೀರಾಯಿ ಹಣಕ್ಕೆ ಬರೋಣ. ಅದರ ಒಂದು ಮುಖದಲ್ಲಿ ಕುಳಿತ ನರಸಿಂಹಸ್ವಾಮಿ. ಇನ್ನೊಂದು ಮುಖದಲ್ಲಿ ನಾಗರಿ ಅಕ್ಷರಗಳಲ್ಲಿ ‘ಶ್ರೀ ಕಂಠೀರವ’ ಎಂಬ ಬರಹ. ಇಂಥ ಹತ್ತು ಹಣಗಳಿಗೆ ಒಂದು ಕಂಠೀರಾಯಿ ವರಹ. ಸೋಜಿಗವೇನೆಂದರೆ, ಆ ವರಹವೆಂಬ ನಾಣ್ಯವನ್ನು ಯಾರೂ ಎಂದೂ ಹೊಡೆಯಿಸಲಿಲ್ಲ! ಕಂದಾಯದ ಲೆಕ್ಕ, ಸಂಬಳದ ಲೆಕ್ಕಗಳೆಲ್ಲ ವರಹದಲ್ಲಿ. ಕಣ್ಣಿಗೆ ಕಾಣುವ ವರಹ ಮಾತ್ರ ಎಲ್ಲಿಯೂ ಇಲ್ಲ. ಶುದ್ಧ ಚಿನ್ನದ ಯುಗವೆಂದು ನಾವು ಭಾವಿಸುವ ಕಾಲದಲ್ಲಿಯೇ ಮೈಸೂರಿನ ಶಾನುಭೋಗನು ಕಡತದಲ್ಲಿ ಮಾತ್ರ ಬದುಕಿದ್ದ ಹಣವೊಂದನ್ನು ನಂಬಿ ಲೆಕ್ಕ ಬರೆಯುತ್ತಿದ್ದನು. ಹತ್ತು ಪುಟ್ಟ ಹಣಗಳು ಯಾವಾಗಲೂ ದೊರೆತಾವೆಂಬ ಭರವಸೆಯೇ ಆ ಕಾಣದ ವರಹದ ಜೀವ.

ಇದರಿಂದ ನಮಗೆ ಒಂದು ಪಾಠವುಂಟು. ಹಣವೆಂಬುದರಲ್ಲಿ ಎರಡು ಅಂಶಗಳಿವೆ: ಒಂದು ವಸ್ತು, ಇನ್ನೊಂದು ನಂಬಿಕೆ. ವಸ್ತುವಿನ ಪಾಲು ಕಡಿಮೆಯಾದಂತೆಲ್ಲ ನಂಬಿಕೆಯ ಪಾಲು ಹೆಚ್ಚಬೇಕು. ಇದನ್ನು ಅರಿತ ಅರಸನು ಗೆದ್ದನು, ಅರಿಯದವನು ಸೋತನು.

ದೇವಗಿರಿಯನ್ನು ರಾಜಧಾನಿಯಾಗಿ ಮಾಡಿದ ಮಹಮ್ಮದ್ ಬಿನ್ ತುಘಲಕನು 1329ರ ಸುಮಾರಿಗೆ ಹಿತ್ತಾಳೆ ತಾಮ್ರಗಳ ನಾಣ್ಯವನ್ನು ಹೊರಡಿಸಿ, ಅದು ಬೆಳ್ಳಿಯ ಟಂಕಕ್ಕೆ ಸಮವೆಂದು ಆಜ್ಞೆ ಮಾಡಿದನು. ಆಜ್ಞೆಯಿದ್ದಿತು, ಖೋಟಾ ನಾಣ್ಯವನ್ನು ತಡೆಯುವ ಉಪಾಯವಿರಲಿಲ್ಲ. ಮನೆಮನೆಯೂ ಕಮ್ಮಟವಾಯಿತು. ಮೂರು ವರ್ಷಗಳಾಗುವಷ್ಟರಲ್ಲಿ ಸುಲ್ತಾನನು ಸೋತು, ಹಿತ್ತಾಳೆಯನ್ನು ತೆಗೆದುಕೊಂಡು ಬೊಕ್ಕಸದಿಂದ ಬೆಳ್ಳಿಯನ್ನು ಕೊಡಬೇಕಾಯಿತು. ಚೀನ ದೇಶದಲ್ಲಿ ಅದಕ್ಕೆ ಮುನ್ನೂರು ವರ್ಷಗಳ ಮೊದಲೇ ಸಿಚುವಾನ್ ಪ್ರಾಂತದ ವರ್ತಕರು ಕಬ್ಬಿಣದ ನಾಣ್ಯದ ಭಾರವನ್ನು ಹೊರಲಾರದೆ ಕಾಗದದ ಚೀಟಿಗಳನ್ನು ನಡೆಸಿದ್ದರು. ಸರಕಾರವು ಅದನ್ನು ಕೈಗೆ ತೆಗೆದುಕೊಂಡಿತು. ಮುಂದೆ ಬಂದ ಸರಕಾರಗಳು ಮಿತಿಮೀರಿ ಅಚ್ಚುಹಾಕಿ, ಕಾಗದದ ಮೇಲಿನ ನಂಬಿಕೆಯನ್ನೇ ಸುಟ್ಟವು.

ಹೈದರಾಲಿಯ ನಡತೆ ಇದಕ್ಕೆ ವಿರುದ್ಧವಾದುದು. 1763ರಲ್ಲಿ ಬಿದನೂರನ್ನು ಗೆದ್ದ ಮೇಲೆ ಆತನು ಹೊಡೆಯಿಸಿದ ಬಹಾದ್ದೂರಿ ಹೊನ್ನಿನ ಮೇಲೆ ಇಕ್ಕೇರಿಯ ವರಹದಲ್ಲಿದ್ದ ಶಿವಪಾರ್ವತಿಯರ ರೂಪವನ್ನೇ ಉಳಿಸಿದನು. ಹಿಂಬದಿಯಲ್ಲಿ ಮಾತ್ರ ತನ್ನ ಹೆಸರಿನ ಮೊದಲ ಅಕ್ಷರವನ್ನು ಪಾರಸಿ ಲಿಪಿಯಲ್ಲಿ ಇಡಿಸಿದನು. ಜನ ನಂಬಿದ ರೂಪವನ್ನು ಕೆಡಿಸಬಾರದೆಂಬ ವಿವೇಕವಿದು. 1799ರ ಅನಂತರ ದಿವಾನ್ ಪೂರ್ಣಯ್ಯನವರೂ ಹೊಸದೊಂದನ್ನು ಹುಡುಕದೆ ಹಳೆಯ ಕಂಠೀರಾಯಿ ಹಣವನ್ನೇ ಮತ್ತೆ ಹೊಡೆಯಿಸಿದರು.

ಇಷ್ಟು ಹೇಳಿದ ಮಾತ್ರಕ್ಕೆ ಚಿನ್ನದ ಕಾಲವು ರಾಮರಾಜ್ಯವೆಂದು ತಾವು ತಿಳಿಯಬಾರದು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಪೇಟೆಯಲ್ಲಿ ಸೇರಿಕೊಂಡಿದ್ದ ಬಗೆಬಗೆಯ ವರಹಗಳನ್ನೂ ಹಣಗಳನ್ನೂ ಅವುಗಳ ವಿನಿಮಯದ ದರಗಳನ್ನೂ ಬರೆದಿದ್ದಾನೆ. ಒಂದೊಂದು ನಾಣ್ಯಕ್ಕೆ ಒಂದೊಂದು ತೂಕ, ಒಂದೊಂದು ಬಣ್ಣ. ಸವೆದ ನಾಣ್ಯಕ್ಕೆ ವಟ್ಟ. ಪರಸೀಮೆಯ ನಾಣ್ಯಕ್ಕೆ ವಟ್ಟ. ಒರೆಗಲ್ಲು ಚಿನಿವಾರನ ಕೈಯಲ್ಲಿ. ಅವನು ಹೇಳಿದ್ದೇ ಬೆಲೆ. ಕಂದಾಯ ಕಟ್ಟುವ ರೈತನಿಗೆ ಆ ಒರೆಯ ಗೆರೆಯನ್ನು ಓದಲು ಬರುತ್ತಿರಲಿಲ್ಲ. ಚಿನ್ನದ ಹಣವು ಅರಸನ ಮೋಸದಿಂದ ಪ್ರಜೆಯನ್ನು ಕೊಂಚ ಕಾಪಾಡಿತು. ಸರಾಫನ ಮೋಸದಿಂದ ಕಾಪಾಡಲಿಲ್ಲ.

ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯಗಳ ಮೇಲೆ ‘ಮಯಿಲಿ ಕಾಸು’ ಎಂದು ಕನ್ನಡದಲ್ಲಿ ಬರೆದಿರುವುದನ್ನು ತಾವು ನೋಡಿರಬಹುದು. ಆ ಕಮ್ಮಟವನ್ನು 1833ರಲ್ಲಿ ಬೆಂಗಳೂರಿಗೆ ಸಾಗಿಸಿ, 1843ರಲ್ಲಿ ಮುಚ್ಚಿಬಿಟ್ಟರು. ಮೈಸೂರಿಗೆ ಮೈಸೂರಿನದೇ ಆದ ನಾಣ್ಯವಿಲ್ಲದಾಯಿತು. ಕುಂಪಣಿಯ ರೂಪಾಯಿಯೇ ಗತಿಯಾಯಿತು.

ಕಾಗದದ ಪ್ರವೇಶವು ಇಲ್ಲಿಂದ ಮುಂದಿನ ಕಥೆ. 1861ರ ಶಾಸನದಿಂದ ನೋಟು ಹೊರಡಿಸುವ ಅಧಿಕಾರವನ್ನು ಖಾಸಗಿ ಬ್ಯಾಂಕುಗಳಿಂದ ಕಿತ್ತು ಸರಕಾರವು ತಾನೇ ವಹಿಸಿಕೊಂಡಿತು. ಆ ಶಾಸನದಲ್ಲಿ ಒಂದು ಕಟ್ಟುಪಾಡಿದ್ದಿತು: 4 ಕೋಟಿ ರೂಪಾಯಿಗಳವರೆಗೆ ಮಾತ್ರ ಸಾಲಪತ್ರಗಳ ಆಧಾರದ ಮೇಲೆ ನೋಟು ಹೊರಡಿಸಬಹುದು, ಅದಕ್ಕೆ ಮೇಲ್ಪಟ್ಟ ಒಂದೊಂದು ರೂಪಾಯಿಗೂ ಬೊಕ್ಕಸದಲ್ಲಿ ಲೋಹವಿರಬೇಕು. ನೋಟು ಆಗ ಲೋಹದ ರಸೀದಿ. ಕಾಲಕ್ರಮದಲ್ಲಿ ಆ ಕಟ್ಟು ಸಡಿಲವಾಯಿತು. 1893ರಲ್ಲಿ ಬೆಳ್ಳಿಯನ್ನು ತಂದುಕೊಟ್ಟು ರೂಪಾಯಿ ಹೊಡೆಯಿಸಿಕೊಳ್ಳುವ ಹಕ್ಕನ್ನು ಪ್ರಜೆಗಳಿಂದ ತೆಗೆದರು. ಅಂದಿನಿಂದ ಬೆಳ್ಳಿಯ ರೂಪಾಯಿಯೂ ಒಂದು ಬಗೆಯ ನೋಟೇ ಆಯಿತು. ಬೆಳ್ಳಿಯ ಮೇಲೆ ಅಚ್ಚಾಗಿದ್ದಿತು, ಅಷ್ಟೆ. ಮೊದಲನೆಯ ಮಹಾಯುದ್ಧದಲ್ಲಿ ಬೆಳ್ಳಿಯ ಬೆಲೆ ಏರಿ, ರೂಪಾಯಿಯನ್ನು ಕರಗಿಸಿದರೆ ಲಾಭವೆಂಬ ಸ್ಥಿತಿ ಬಂದಾಗ, 1917ರಲ್ಲಿ ಒಂದು ರೂಪಾಯಿಯ ನೋಟು ಹೊರಟಿತು. ಎರಡನೆಯ ಮಹಾಯುದ್ಧದಲ್ಲಿ, 1940ರಲ್ಲಿ, ರೂಪಾಯಿಯೊಳಗಿನ ಬೆಳ್ಳಿಯನ್ನು ಹನ್ನೆರಡರಲ್ಲಿ ಹನ್ನೊಂದು ಪಾಲಿನಿಂದ ಅರ್ಧಕ್ಕೆ ಇಳಿಸಿದರು. 1947ರಲ್ಲಿ ಬೆಳ್ಳಿ ಪೂರ್ತಿ ಹೋಗಿ ನಿಕ್ಕಲ್ ಬಂದಿತು.

ಆ ಯುದ್ಧಕಾಲದಲ್ಲಿ ನಡೆದುದನ್ನು ನಾವು ಮರೆಯಬಾರದು. ಬ್ರಿಟನ್ನು ಇಲ್ಲಿಂದ ಕೊಂಡ ದವಸ, ಬಟ್ಟೆ, ಸಾಮಗ್ರಿಗಳಿಗೆ ಬದಲಾಗಿ ಲಂಡನ್ನಿನಲ್ಲಿ ಸಾಲದ ಲೆಕ್ಕ ಬರೆದಿಟ್ಟಿತು. ಆ ಲೆಕ್ಕದ ಆಧಾರದ ಮೇಲೆ ಇಲ್ಲಿ ನೋಟುಗಳನ್ನು ಅಚ್ಚುಹಾಕಿದರು. ಯುದ್ಧ ಮುಗಿಯುವ ವೇಳೆಗೆ ಚಲಾವಣೆಯ ನೋಟುಗಳು ಮೊದಲಿನ ಆರು ಪಟ್ಟಿಗೂ ಮಿಕ್ಕವು. ಬೆಲೆಗಳು ಏರಿದವು, 1943ರಲ್ಲಿ ವಂಗದೇಶದಲ್ಲಿ ಲಕ್ಷಾಂತರ ಜನ ಅನ್ನವಿಲ್ಲದೆ ಸತ್ತುದಕ್ಕೆ ಈ ಬೆಲೆಯೇರಿಕೆಯೂ ಒಂದು ಕಾರಣ. ಯಾವ ಶಾಸನಸಭೆಯೂ ಒಪ್ಪದ ತೆರಿಗೆಯನ್ನು ಅಚ್ಚಿನ ಯಂತ್ರವು ಸದ್ದಿಲ್ಲದೆ ವಸೂಲು ಮಾಡಿತು. ಕಾಗದದ ಹಣದ ದೊಡ್ಡ ಅಪಾಯವಿದು.

ಚಿನ್ನವೇನಾಯಿತೆಂದು ತಾವು ಕೇಳಬಹುದು. ಕೋಲಾರದಲ್ಲಿ 1880ರಿಂದ ಜಾನ್ ಟೇಲರ್ ಕಂಪೆನಿಯವರು ಗಣಿಗಾರಿಕೆಯನ್ನು ಕೈಗೊಂಡರು. 1902ರಲ್ಲಿ ಶಿವನಸಮುದ್ರದಿಂದ ಅಲ್ಲಿಗೆ ವಿದ್ಯುತ್ತು ಹರಿಯಿತು. 2001ರಲ್ಲಿ ಗಣಿ ಮುಚ್ಚುವವರೆಗೆ ಅಲ್ಲಿ ತೆಗೆದ ಚಿನ್ನ ಸುಮಾರು 800 ಟನ್ನು. ಪರರ ಆಳ್ವಿಕೆಯ ಕಾಲದಲ್ಲಿ ಅದರ ಬಹುಪಾಲು ಲಂಡನ್ನಿನ ಪೇಟೆಯನ್ನು ಸೇರಿತು. 1931ರಲ್ಲಿ ಬ್ರಿಟನ್ನು ಚಿನ್ನದ ಕಟ್ಟನ್ನು ಬಿಟ್ಟ ಮೇಲೆ, ಬೆಳೆಯ ಬೆಲೆ ಕುಸಿದು ಸಾಲದಲ್ಲಿ ಮುಳುಗಿದ್ದ ನಮ್ಮ ರೈತರು ಹೆಂಡಿರ ಮೈಮೇಲಿನ ಒಡವೆಗಳನ್ನು ಮಾರಿದರು. ನೂರಾರು ಕೋಟಿ ರೂಪಾಯಿಗಳ ಚಿನ್ನ ಹಡಗು ಹತ್ತಿತು. ಭೂಮಿಯ ಹೊಟ್ಟೆಯಲ್ಲಿ ಚಿನ್ನವಿದ್ದ ಮಾತ್ರಕ್ಕೆ ನಾಡು ಸಿರಿವಂತವಾಗದು. ತನ್ನ ಹಣದ ಮೇಲೆ ತನಗೆ ಅಧಿಕಾರವಿರಬೇಕು.

ಈ ಅಧಿಕಾರದ ಮಾತು ಕನ್ನಡಿಗರಿಗೆ ಇನ್ನೊಂದು ಬಗೆಯಲ್ಲಿಯೂ ಮುಟ್ಟುತ್ತದೆ. ನಮ್ಮ ನಾಡು ಹರಿದು ಹಂಚಿಹೋಗಿದ್ದಾಗ ಹಣದ ಚೀಲವೂ ಹರಿದಿದ್ದಿತು. ರಾಯಚೂರು, ಕಲಬುರ್ಗಿ, ಬೀದರಗಳಲ್ಲಿ ನಿಜಾಮರ ಹಾಲಿ ಸಿಕ್ಕಾ. 1918ರಿಂದ ಅವರದೇ ನೋಟುಗಳು. ಮುಂಬಯಿ ಪ್ರಾಂತದ ಗದಗಿನಿಂದ ನಿಜಾಮ ಸೀಮೆಯ ಕೊಪ್ಪಳಕ್ಕೆ ಹೋದ ಕನ್ನಡ ವರ್ತಕನು ಅಲ್ಲಿ ಲೆಕ್ಕವನ್ನೇ ಬದಲಿಸಬೇಕು: ಬ್ರಿಟಿಷ್ ನೂರು ರೂಪಾಯಿಗೆ ಹಾಲಿ ಸಿಕ್ಕಾ ಸುಮಾರು 116. ಭಾಷೆ ಒಂದು, ನೆಂಟಸ್ತಿಕೆ ಒಂದು, ಹಣ ಎರಡು! ನಾಡು 1956ರ ನವೆಂಬರ್ 1ರಂದು ಒಂದಾಯಿತು. ಹಾಲಿ ಸಿಕ್ಕಾ ಪೂರ್ತಿಯಾಗಿ ಮರೆಯಾದುದು 1959ರಲ್ಲಿ. ಆದರೆ 1917ರ ಒಂದು ರೂಪಾಯಿ ನೋಟಿನ ಮೇಲೆಯೇ ಇತರ ದೇಶಭಾಷೆಗಳ ಸಾಲಿನಲ್ಲಿ ಕನ್ನಡದ ಅಕ್ಷರಗಳಿದ್ದವು. ನೆಲವು ನಕ್ಷೆಯಲ್ಲಿ ಒಂದಾಗುವುದಕ್ಕೆ ಸುಮಾರು ನಾಲ್ವತ್ತು ವರ್ಷಗಳ ಮೊದಲೇ ನುಡಿಯು ನೋಟಿನ ಮೇಲೆ ತನ್ನ ಸ್ಥಾನವನ್ನು ಹಿಡಿದಿದ್ದಿತು. ಇಂದಿನ ನೋಟಿನ ಹಿಂಬದಿಯ ಹದಿನೈದು ಭಾಷೆಗಳ ಪಟ್ಟಿಯಲ್ಲಿಯೂ ನಾಲ್ಕನೆಯ ಸಾಲು ಕನ್ನಡದ್ದು.

ಇನ್ನು ನೋಟಿನ ಮುಂಬದಿಯನ್ನು ವಕೀಲನ ಕಣ್ಣಿನಿಂದ ನೋಡೋಣ. ಧಾರಕನಿಗೆ ಇಷ್ಟು ರೂಪಾಯಿಗಳನ್ನು ಕೊಡುತ್ತೇನೆಂದು ರಿಸರ್ವ್ ಬ್ಯಾಂಕಿನ ಗವರ್ನರರು ಅದರ ಮೇಲೆ ವಚನ ಕೊಟ್ಟಿರುತ್ತಾರೆ. ಏನನ್ನು ಕೊಡುವ ವಚನ? ಇಂದು ಆ ನೋಟನ್ನು ಕೊಟ್ಟರೆ ಚಿನ್ನ ಬಾರದು. ಇನ್ನೊಂದು ನೋಟೋ ನಾಣ್ಯವೋ ಬಂದೀತು. ರಿಸರ್ವ್ ಬ್ಯಾಂಕು 1935ರಲ್ಲಿ ಆರಂಭವಾದಾಗ ನೋಟುಗಳ ಬೆಲೆಯಲ್ಲಿ ನೂರಕ್ಕೆ ನಾಲ್ವತ್ತರಷ್ಟು ಚಿನ್ನವೂ ಸ್ಟರ್ಲಿಂಗ್ ಪತ್ರಗಳೂ ಇರಬೇಕೆಂದಿದ್ದಿತು. 1956ರಲ್ಲಿ ಆ ಪ್ರಮಾಣದ ನಿಯಮವನ್ನು ತೆಗೆದರು. 1957ರಿಂದ 200 ಕೋಟಿ ರೂಪಾಯಿಗಳ ನಿಧಿ, ಅದರಲ್ಲಿ 115 ಕೋಟಿಯ ಚಿನ್ನವಿದ್ದರೆ ಶಾಸನಕ್ಕೆ ಸಾಕು. 1971ರಲ್ಲಿ ಅಮೆರಿಕದ ಡಾಲರೂ ಚಿನ್ನದ ನಂಟನ್ನು ಕಡಿದುಕೊಂಡಿತು. ಈಗ ಲೋಕದಲ್ಲೆಲ್ಲ ಹಣವೆಂದರೆ ಸರಕಾರದ ಮಾತು.

ಮಾತು ಎಷ್ಟು ಗಟ್ಟಿ? 1946ರಲ್ಲಿ 500, 1,000 ಮತ್ತು 10,000 ರೂಪಾಯಿಗಳ ನೋಟುಗಳನ್ನು ರದ್ದು ಮಾಡಿದರು. 1978ರಲ್ಲಿ 1,000, 5,000 ಮತ್ತು 10,000ದವನ್ನು. ಅವು ಬಡವನ ಕೈ ಸೇರದ ನೋಟುಗಳು; ಎರಡೂ ಸಲ ಸುಗ್ರೀವಾಜ್ಞೆಯೆಂಬ ಶಾಸನದಿಂದ ಆದ ಕಾರ್ಯ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1,000ದ ನೋಟುಗಳನ್ನು ರದ್ದು ಮಾಡಿದಾಗ ಚಲಾವಣೆಯ ಹಣದಲ್ಲಿ ನೂರಕ್ಕೆ 86 ಪಾಲು ಒಮ್ಮೆಗೇ ಸಲ್ಲದಾಯಿತು. ಅದೂ ಒಂದು ಅಧಿಸೂಚನೆಯಿಂದ. ಕಪ್ಪುಹಣವು ಮರಳಿ ಬಾರದೆಂದು ಹಲವರು ಎಣಿಸಿದ್ದರು; ನೂರಕ್ಕೆ 99ಕ್ಕೂ ಮಿಕ್ಕಿ ಮರಳಿ ಬಂದಿತೆಂದು ರಿಸರ್ವ್ ಬ್ಯಾಂಕೇ 2018ರಲ್ಲಿ ತಿಳಿಸಿತು.

ಮರಳದೆ ಉಳಿದ ಆ ಅಲ್ಪಭಾಗದಲ್ಲಿ ಒಂದು ಚೂರನ್ನು ನಾವು ಕಣ್ಣಾರೆ ಕಂಡಿದ್ದೇವೆ. ಗಡುವು ಮುಗಿದು ಕೆಲವು ತಿಂಗಳುಗಳಾದ ಮೇಲೆ ಹಳ್ಳಿಯ ವೃದ್ಧೆಯೊಬ್ಬಳು ನಮ್ಮ ಕಚೇರಿಗೆ ಬಂದಳು. ಸೆರಗಿನ ಗಂಟಿನಲ್ಲಿ ಐನೂರರ ಹದಿನಾಲ್ಕು ನೋಟುಗಳು. ತನ್ನ ಮಣ್ಣಿಗೆಂದು ಮಕ್ಕಳಿಗೂ ತಿಳಿಸದೆ ರಾಗಿಯ ಗುಡಾಣದಲ್ಲಿ ಇಟ್ಟಿದ್ದ ದುಡ್ಡು. ಬ್ಯಾಂಕಿನಲ್ಲಿ ತೆಗೆದುಕೊಳ್ಳಲಿಲ್ಲವೆಂದಳು. “ಸ್ವಾಮಿ, ಗಾಂಧಪ್ಪ ಹಂಗೇ ನಗ್ತಾ ಅವ್ನಲ್ಲ, ಇದು ಹೆಂಗೆ ಸುಳ್ಳಾಯ್ತದೆ?” ಎಂದು ಕೇಳಿದಳು. “ಕಾಯಿದೆ ಬಂದಿದೆ ತಾಯಿ” ಎಂದೆವು. ಬ್ಯಾಂಕಿನ ಹೊಣೆಯನ್ನು ತೀರಿಸಿಬಿಟ್ಟ 2017ರ ಶಾಸನವನ್ನು ಆಕೆಗೆ ಹೇಗೆ ಬಿಡಿಸಿ ಹೇಳುವುದು? ಹತ್ತಕ್ಕೆ ಮೇಲ್ಪಟ್ಟು ಅಂಥ ನೋಟುಗಳನ್ನು ಇಟ್ಟುಕೊಳ್ಳುವುದೇ ಅಪರಾಧವೆಂದು ಅದೇ ಶಾಸನ ಹೇಳುತ್ತದೆ. ಗಾಬರಿಪಡಿಸಬಾರದೆಂದು ಅದನ್ನು ಮೆಲ್ಲನೆ ತಿಳಿಸಿದೆವು. ಆಕೆ ನೋಟುಗಳನ್ನು ನಮ್ಮ ಮೇಜಿನ ಮೇಲೆಯೇ ಬಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಎದ್ದುಹೋದಳು. ಅದೇ ಗುಡಾಣದಲ್ಲಿ ಆಕೆಯ ಮುತ್ತಜ್ಜಿಯು ಹದಿನಾಲ್ಕು ಕಂಠೀರಾಯಿ ಹಣಗಳನ್ನು ಇಟ್ಟಿದ್ದರೆ, ಅಶೋಕ ರಸ್ತೆಯ ಚಿನಿವಾರನು ಇಂದಿಗೂ ತೂಗಿ ಬೆಲೆ ಕೊಡುತ್ತಿದ್ದನು.

ಈ ವಿಷಯವು ಸರ್ವೋಚ್ಚ ನ್ಯಾಯಾಲಯದ ಮುಂದೆ ಹೋಯಿತು. 2023ರ ಜನವರಿ 2ರಂದು ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಸರಕಾರದ ಕ್ರಮವನ್ನು ಎತ್ತಿಹಿಡಿದರು. ಭಿನ್ನಾಭಿಪ್ರಾಯವನ್ನು ಬರೆದವರು ನಮ್ಮ ಕರ್ನಾಟಕದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರು. ಇಂಥ ಕಾರ್ಯವು ಕೇಂದ್ರ ಸರಕಾರದಿಂದಲೇ ಹೊರಡುವುದಾದರೆ ಶಾಸನದ ಮಾರ್ಗದಿಂದ ಆಗಬೇಕು, ಬರಿಯ ಅಧಿಸೂಚನೆಯಿಂದ ಆಗಬಾರದೆಂಬುದು ಅವರ ಅಭಿಪ್ರಾಯದ ತಿರುಳು. ಬಹುಮತದ ತೀರ್ಪೇ ಕಾನೂನು. ಅದಕ್ಕೆ ನಾವು ತಲೆಬಾಗುತ್ತೇವೆ. ಆದರೂ ವಿಚಾರಮಾಡತಕ್ಕ ಪ್ರಶ್ನೆಯೊಂದು ಆ ಒಂದು ಧ್ವನಿಯಲ್ಲಿ ಉಳಿದಿದೆಯೆಂದು ನಮಗೆ ತೋರುತ್ತದೆ.

ಹಾಗಾದರೆ ಮತ್ತೆ ಚಿನ್ನಕ್ಕೆ ಹಿಂದಿರುಗೋಣವೆ? ಅದು ಆಗದ ಮಾತು, ಆಗಬೇಕಾದ ಮಾತೂ ಅಲ್ಲ. ಬೆಳೆಯುವ ನಾಡಿನ ವ್ಯಾಪಾರಕ್ಕೆ ಸಾಲುವಷ್ಟು ಚಿನ್ನವಿಲ್ಲ. ಬರಗಾಲದಲ್ಲಿ ಸರಕಾರವು ಕೆಲಸವನ್ನೂ ಅನ್ನವನ್ನೂ ಒದಗಿಸಬೇಕಾದರೆ ಹಣದ ಹಗ್ಗ ಸ್ವಲ್ಪ ಉದ್ದವಾಗಿಯೇ ಇರಬೇಕು. ಚಿನಿವಾರನ ವಟ್ಟವಿಲ್ಲದೆ, ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ಬೆಲೆಗೆ ಸಲ್ಲುವ ಹಣವನ್ನು ಕಾಗದವೇ ನಮಗೆ ಕೊಟ್ಟಿತು. ಆ ಉಪಕಾರವನ್ನು ಮರೆಯುವುದು ನ್ಯಾಯವಲ್ಲ.

ಆದರೆ ಲೋಹ ಹೋದಾಗ ಒರೆಗಲ್ಲೂ ಹೋಯಿತೆಂದು ತಿಳಿದರೆ ನಾವು ಕೆಟ್ಟೆವು. ಚಿನಿವಾರನ ಕೈಯಲ್ಲಿದ್ದ ಒರೆಗಲ್ಲು ಈಗ ಪ್ರಜೆಯ ಕೈಗೆ ಬಂದಿದೆ. ಎಷ್ಟು ನೋಟು ಅಚ್ಚಾಗುತ್ತಿದೆ, ಬೆಲೆಗಳು ಏಕೆ ಏರುತ್ತಿವೆ, ಸಾಲಕ್ಕೆ ಆಧಾರವೇನು, ಕೊಟ್ಟ ವಚನವನ್ನು ಹಿಂತೆಗೆದುಕೊಳ್ಳುವಾಗ ಶಾಸನಸಭೆಯಲ್ಲಿ ಹಗಲುಹೊತ್ತಿನಲ್ಲಿ ಚರ್ಚೆಯಾಯಿತೆ — ಇವನ್ನು ಕೇಳುವ ಪ್ರಜೆಯಿರುವವರೆಗೆ ಕಾಗದವೂ ಚಿನ್ನವೇ. ಕೇಳುವವರಿಲ್ಲದಿದ್ದರೆ ಮೈಸೂರಿನ ಗಿರಣಿಯ ಉತ್ತಮವಾದ ಕಾಗದವೂ ಕವಡೆಗೆ ಸಮ.

ಉಪಾಧ್ಯಾಯ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ನಾಳೆ ತರಗತಿಯಲ್ಲಿ ಹತ್ತು ರೂಪಾಯಿಯ ಒಂದು ನೋಟನ್ನು ಮಕ್ಕಳ ಕೈಗೆ ಕೊಡಿರಿ. ಕನ್ನಡದ ಸಾಲು ಎಲ್ಲಿದೆಯೆಂದು ಹುಡುಕಲಿ. ವಚನ ಯಾರದು, ರುಜು ಯಾರದೆಂದು ಓದಲಿ. ಅನಂತರ ಒಂದು ರೂಪಾಯಿಯ ನೋಟು ದೊರೆತರೆ ಅದನ್ನೂ ತೋರಿಸಿರಿ. ಅದನ್ನು ಹೊರಡಿಸಿದುದು ಭಾರತ ಸರಕಾರ, ಅದರ ಮೇಲೆ ಯಾವ ವಚನವೂ ಇಲ್ಲ. ಏಕಿಲ್ಲವೆಂದು ಮಗುವೊಂದು ಎದ್ದು ನಿಂತು ಕೇಳಿದರೆ, ಆ ಮಗುವಿನ ಕೈಗೆ ಒರೆಗಲ್ಲು ಬಂದಿತೆಂದು ತಿಳಿಯಿರಿ.